ಮಸ್ಕತ್‌ನಿಂದ ಬಂದ ಸವತಿ

ಫೋಟೋ ಮೊದಲು ಬಂತು, ನಾಯಿ ಆಮೇಲೆ.

ಫೋಟೋದಲ್ಲಿ ನನ್ನ ಗಂಡ ಲುಂಗಿ ಉಟ್ಟು ತಮ್ಮ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಮರಳಿನ ಬಣ್ಣದ ಹೆಣ್ಣು ನಾಯಿ. ಎಡಗಿವಿಯ ತುದಿ ಹರಿದಿತ್ತು. ಅದರ ತಲೆಯ ಮೇಲೆ ಅವರ ಕೈ. ಆ ಕೈಯನ್ನು ನಾನು ಬಹಳ ಹೊತ್ತು ನೋಡಿದೆ. ಫೋಟೋಗೆಂದು ಇಟ್ಟ ಕೈ ಅಲ್ಲ ಅದು, ಮೊದಲೇ ಅಲ್ಲಿದ್ದ ಕೈ. ಎದ್ದು ಹೋಗಿ ಬೀರುವಿನಿಂದ ಮದುವೆಯ ಆಲ್ಬಮ್ ತೆಗೆದೆ. ಒಂದು ಚಿತ್ರದಲ್ಲೂ ಅವರ ಕೈ ನನ್ನ ಹೆಗಲ ಮೇಲಿರಲಿಲ್ಲ. ಎಲ್ಲದರಲ್ಲೂ ಎರಡು ಕೈಯನ್ನೂ ಮುಂದೆ ಕಟ್ಟಿಕೊಂಡು, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಹಾಗೆ ನಿಂತಿದ್ದರು.

ಅವರು ಮಸ್ಕತ್‌ನಲ್ಲಿ ಏರ್ ಕಂಡೀಷನಿಂಗ್ ಕೆಲಸದ ಫೋರ್‌ಮನ್, ನಾಲ್ವರಿದ್ದ ಕೋಣೆಯಲ್ಲಿ ವಾಸ. ನಾನು ಹಲಸೂರಿನ ಮನೆಯಲ್ಲಿ ಅತ್ತೆಯ ಜೊತೆ. ಮಕ್ಕಳಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬರುತ್ತಿದ್ದರು. ಆಗಿನ್ನೂ ತೊಂಬತ್ತರ ದಶಕ. ಫೋನ್ ಮಾಡಿದರೆ ಮಾತಿಗಿಂತ ಗಡಿಬಿಡಿಯೇ ಹೆಚ್ಚು. ಆದ್ದರಿಂದ ಅತ್ತ ಹೋಗುವವರು ಯಾರಾದರೂ ಸಿಕ್ಕಾಗ ನಾನು ಒಂದು ಕ್ಯಾಸೆಟ್ ತುಂಬ ಮಾತಾಡಿ ಕಳಿಸುತ್ತಿದ್ದೆ. ಅವರಿಂದ ಕ್ಯಾಸೆಟ್ ಬರುತ್ತಿರಲಿಲ್ಲ. 'ಮಿಷನ್ ಮುಂದೆ ಮಾತಾಡಕ್ಕೆ ನಂಗೆ ಬರಲ್ಲ' ಎನ್ನುತ್ತಿದ್ದರು. ಒಂದು ಪುಟದ ಪತ್ರ ಬರುತ್ತಿತ್ತು. ಅಂಥ ಒಂದು ಪತ್ರದಲ್ಲಿ, ಸೈಟಿನ ಬಳಿ ಗಾಡಿ ಹೊಡೆದು ಬಿದ್ದಿದ್ದ ನಾಯಿಮರಿಯನ್ನು ಎತ್ತಿ ತಂದೆ ಎಂದು ಬರೆದಿದ್ದರು. ಬದುಕಲಿಕ್ಕಿಲ್ಲ ಎಂದಿದ್ದರು. ಬದುಕಿತು. ನಾಲ್ಕು ವರ್ಷ ಅವರ ಮಂಚದ ಕೆಳಗೆ ಮಲಗಿತು.

ಈಗ ಅವರು ಕೆಲಸ ಮುಗಿಸಿ ಊರಿಗೇ ಬರುವವರಿದ್ದರು. ಲೆಕ್ಕ ಚುಕ್ತಾ ಆಗುವುದಕ್ಕೆ ಇನ್ನೆರಡು ತಿಂಗಳು. ಅಷ್ಟರೊಳಗೆ ಕೋಣೆ ಬಿಡಬೇಕು, ಹೊಸ ಜಾಗದಲ್ಲಿ ನಾಯಿಗೆ ಅವಕಾಶವಿಲ್ಲ. ಅವರ ಜೊತೆ ಕೆಲಸ ಮಾಡುವ ಮದ್ರಾಸಿನವರೊಬ್ಬರು ಶಾಶ್ವತವಾಗಿ ವಾಪಸಾಗುತ್ತಿದ್ದರು. ತಮ್ಮ ಸಾಮಾನಿನ ಜೊತೆ ನಾಯಿಯನ್ನೂ ತರಲು ಒಪ್ಪಿದ್ದರು.

'ನೀನು ಮದ್ರಾಸ್‌ಗೆ ಹೋಗಿ ರಾಣೀನ ಕರ್ಕೊಂಡ್ ಬಂದ್ಬಿಡು. ಅಷ್ಟೇ ಕೆಲಸ' ಎಂದರು ಫೋನಿನಲ್ಲಿ.

ರಾಣಿ. ನನ್ನನ್ನು ಅವರು ಕರೆಯುವುದು 'ಇವಳೇ' ಎಂದು.

ಫೋನಿಟ್ಟ ಮೇಲೆ ಅತ್ತೆಗೆ ವಿಷಯ ಹೇಳಿದೆ. ಅವರು ಎಲೆ ಅಡಿಕೆ ಮಡಿಸುತ್ತ, 'ಮಗ ಗಲ್ಫ್‌ಗೆ ಹೋದಾಗ ನಿನ್ನ ತಾಯಿ ಏನಂದಿದ್ರು? ಅಲ್ಲಿ ಇನ್ನೊಂದು ಸಂಸಾರ ಮಾಡ್ಕೋತಾರೆ ಅಂತ ತಾನೇ? ಮಾಡ್ಕೊಂಡವ್ನೆ ನೋಡು. ಹೋಗು, ನಿನ್ನ ಸವತೀನ ಕರ್ಕೊಂಡು ಬಾ' ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಏರ್ಪಾಡು ಮಾತ್ರ ಅಚ್ಚುಕಟ್ಟಾಗಿ ಮಾಡಿದೆ. ಯಾವ ಕೆಲಸವನ್ನೂ ಅರೆಬರೆ ಮಾಡಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು, ಮನಸ್ಸಿಲ್ಲದ ಕೆಲಸವನ್ನಂತೂ ಇನ್ನೂ ಚೆನ್ನಾಗಿ ಮಾಡಬೇಕೆಂದು. ಕಂಟೋನ್ಮೆಂಟಿನ ನಾಯಿ ಡಾಕ್ಟರನ್ನು ಕಂಡು ಏನೇನು ಬೇಕೆಂದು ಕೇಳಿದೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪ್ರಮಾಣಪತ್ರ, ಅಲ್ಲಿನ ಡಾಕ್ಟರು ಹೊರಡುವ ಮುನ್ನ ಕೊಡುವ ಆರೋಗ್ಯದ ಪತ್ರ. ಇಲ್ಲಿಗೆ ಬಂದ ಮೇಲೆ ಒಂದು ತಿಂಗಳು ಬೇರೆ ನಾಯಿಗಳಿಂದ, ಆದಷ್ಟೂ ಜನರಿಂದ ದೂರ ಇಡಬೇಕು. ನಮ್ಮ ಹಿತ್ತಲಲ್ಲಿ ಒಂದು ಹಳೆಯ ಸೌದೆಮನೆ ಇತ್ತು. ಅದನ್ನು ಖಾಲಿ ಮಾಡಿ, ಸುಣ್ಣ ಬಳಿದು, ಫಿನಾಯಿಲ್ ಹಾಕಿ ತೊಳೆದು, ಅದರ ವಾಸನೆ ಹೋಗುವವರೆಗೆ ಬಾಗಿಲು ತೆರೆದಿಟ್ಟೆ. ನೆಲಕ್ಕೆ ಗೋಣಿಚೀಲ. ಅದರ ಮೇಲೆ ಹಳೆಯ ಬೆಡ್‌ಶೀಟು. ನನ್ನ ಸೀರೆ ಹಾಸಲಿಲ್ಲ. ಹಳೆಯ ಸೀರೆಗಳು ಬೇಕಾದಷ್ಟಿದ್ದವು, ಹಾಸಲಿಲ್ಲ.

ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಡಾಕ್ಟರರು ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದರು. ನಾಯಿಯ ಕಣ್ಣು, ಒಸಡು, ಬಾಲದ ಬುಡ ನೋಡಿ ಸಹಿ ಹಾಕಿದರು. ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಅದು ಮುದುರಿ ಕೂತಿತ್ತು. ಪೆಟ್ಟಿಗೆಯ ಅಂಚುಗಳಿಗೆಲ್ಲ ಸ್ಪಂಜು ಅಂಟಿಸಿತ್ತು, ಮೂಲೆಗಳಿಗೆ ಎರಡು ಪದರ. ನೀರಿನ ಬಟ್ಟಲನ್ನು ಅಲುಗಾಡದಂತೆ ತಂತಿಯಿಂದ ಬಿಗಿದಿತ್ತು. ಆ ತಂತಿಯ ಸುತ್ತನ್ನು ನೋಡಿದ ಕೂಡಲೇ ಅದು ಯಾರ ಕೈ ಎಂದು ಗೊತ್ತಾಯಿತು. ನಮ್ಮ ಮನೆಯ ಬಚ್ಚಲ ಬಾಗಿಲಿನ ಚಿಲಕವನ್ನು ಸರಿಮಾಡಿ ಎಂದು ನಾನು ಎರಡು ರಜೆಗಳಿಂದ ಹೇಳುತ್ತಿದ್ದೆ.

ನಾಯಿ ತಂದವರು ತಮಿಳಿನಲ್ಲಿ, 'ಏರ್‌ಪೋರ್ಟ್‌ಲೇ ಅಳುದುಟ್ಟಾರು ಮಾ, ಉಂಗ ಸಾರ್' ಎಂದರು. ಮಸ್ಕತ್ ಏರ್‌ಪೋರ್ಟಿನಲ್ಲಿ ನಾಯಿಯನ್ನು ಬಿಟ್ಟು ಹೋಗುವಾಗ ನನ್ನ ಗಂಡ ಅತ್ತುಬಿಟ್ಟರಂತೆ. ನನ್ನನ್ನು ಬಿಟ್ಟು ಹೋಗುವಾಗಲೆಲ್ಲ ಅವರು ವಾಚು ನೋಡುತ್ತಿದ್ದರು.

ರೈಲಿನಲ್ಲಿ ನಾಯಿಗೆ ಗಾರ್ಡ್ ಡಬ್ಬಿಯ ಕಬ್ಬಿಣದ ಗೂಡು. ನಾನು ಮುಂದಿನ ಬೋಗಿಯಲ್ಲಿ. ಜೋಲಾರ್‌ಪೇಟೆಯಲ್ಲಿ ಇಳಿದು ಓಡಿ ನೀರು ಕೊಟ್ಟೆ, ಕುಡಿಯಲಿಲ್ಲ. ಬಂಗಾರಪೇಟೆಯಲ್ಲಿ ಮತ್ತೆ ಓಡಿದೆ, ಮುಖ ತಿರುಗಿಸಿತು. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದು ಅರೆಗಳಿಗೆ. ನಾನು ಗಾರ್ಡ್ ಡಬ್ಬಿ ಮುಟ್ಟುವ ಹೊತ್ತಿಗೆ ಗಾರ್ಡು ಹಸಿರು ಬಾವುಟ ಬಿಚ್ಚುತ್ತಿದ್ದರು. 'ಬೇಗ ಎಳ್ಕೊಳಮ್ಮಾ, ಇಲ್ದಿದ್ರೆ ನಿಮ್ ನಾಯಿ ಸಿಟಿ ಸ್ಟೇಷನ್ ನೋಡ್ಕೊಂಡ್ ಬರುತ್ತೆ!' ಎಂದರು. ಹಗ್ಗ ಹಿಡಿದು ಎಳೆದೆ. ಅದು ಇಳಿಯಿತು. ಇಳಿದದ್ದೇ ಪ್ಲಾಟ್‌ಫಾರ್ಮಿನ ಮೇಲಿದ್ದ ಗಂಡಸರ ಕಾಲುಗಳನ್ನೆಲ್ಲ ಒಂದೊಂದಾಗಿ ಮೂಸುತ್ತ ಹೋಯಿತು. ಯಾರನ್ನು ಹುಡುಕುತ್ತಿದೆಯೆಂದು ನನಗೆ ಗೊತ್ತಿತ್ತು. ಅದೇ ಪ್ಲಾಟ್‌ಫಾರ್ಮಿನ ಮೇಲೆ ನಾನೂ ಎಷ್ಟೋ ಸಲ ಹಾಗೇ ನಿಂತವಳು.

ಆಟೋದವರು, 'ಸೀಟ್ ಮೇಲೆ ಬ್ಯಾಡ ಮೇಡಂ, ಕೆಳಗೆ ಕೂರ್ಸಿ. ಸಾಯಂಕಾಲ ಇದೇ ಸೀಟ್‌ನಾಗೆ ನಮ್ ಬೀವಿ ಕೂರ್ತಾಳೆ, ಕೂದ್ಲು ನೋಡಿದ್ರೆ ಯಾರ್ದು ಅಂತ ಕೇಳ್ತಾಳೆ' ಎಂದರು.

ಮನೆಗೆ ಬಂದದ್ದಾಯಿತು. ನಿಜವಾದ ಕೆಲಸ ಅಲ್ಲಿಂದ ಶುರು.

ರಾಣಿ ತಿನ್ನಲಿಲ್ಲ. ಮೊದಲ ದಿನ ಪ್ರಯಾಣದ ದಣಿವು ಎಂದುಕೊಂಡೆ. ಮರುದಿನ ಶಿವಾಜಿನಗರಕ್ಕೆ ಹೋಗಿ ಮೂಳೆ ತಂದು, ಅರಿಶಿನ ಹಾಕಿ, ಅನ್ನದ ಜೊತೆ ಮೆತ್ತಗೆ ಬೇಯಿಸಿದೆ. ಮೂಸಲೂ ಇಲ್ಲ. ಹಾಲು, ಬನ್ನು, ಮೊಟ್ಟೆ ಎಲ್ಲವನ್ನೂ ಇರುವೆ ತಿಂದವು. ಅತ್ತೆ ಸೌದೆಮನೆಯತ್ತ ಬರುತ್ತಿರಲಿಲ್ಲ. ಅವರಿಗೆ ನಾಯಿಯೆಂದರೆ ಮಡಿಯ ಪ್ರಶ್ನೆಯಲ್ಲ, ಭಯ. ಹಾಗಾಗಿ ಹಿತ್ತಲಲ್ಲಿ ನಾನು ಮತ್ತು ಅದು ಇಬ್ಬರೇ.

ನಾನು ಮಾತಾಡಿಸುತ್ತಲೇ ಇದ್ದೆ, ಇಂಗ್ಲಿಷಿನಲ್ಲಿ. ನಮ್ಮ ಕಡೆ ಅದೊಂದು ರೂಢಿ. ಮನೆಯಲ್ಲಿ ಕನ್ನಡವೋ ತಮಿಳೋ ದಖನಿಯೋ ಆಡುವವರು ಕೂಡ ನಾಯಿಗೆ ಮಾತ್ರ 'ಕಮ್', 'ಸಿಟ್', 'ನೋ' ಎನ್ನುತ್ತಾರೆ. ಬೀದಿ ನಾಯಿಗೆ ಹಚಾ, ಹಗ್ಗ ಕಟ್ಟಿದ ನಾಯಿಗೆ ಇಂಗ್ಲಿಷು. ಇದಂತೂ ವಿಮಾನದಲ್ಲಿ ಬಂದ ನಾಯಿ. ನಾನು ಸಿಸ್ಟರ್‌ಗಳ ಮುಂದೆ ಪದ್ಯ ಒಪ್ಪಿಸುತ್ತಿದ್ದ ದನಿ ತೆಗೆದು, 'ಕಮ್, ಡಿಯರ್. ಈಟ್ ಅಪ್. ದೇರ್ಸ್ ಎ ಗುಡ್ ಗರ್ಲ್' ಎಂದು ಹೊತ್ತುಹೊತ್ತಿಗೂ ಹೇಳುತ್ತಿದ್ದೆ. ಅದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿತ್ತು.

ಡಾಕ್ಟರು ಬಂದು ಚರ್ಮ ಎತ್ತಿ ಹಿಡಿದು ಬಿಟ್ಟರು. ಅದು ನಿಧಾನವಾಗಿ ಇಳಿಯಿತು. ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ಬೆನ್ನಿನ ಚರ್ಮದಡಿ ಸಲೈನ್ ಕೊಟ್ಟರು. 'ಜ್ವರ ಇಲ್ಲ, ಹೊಟ್ಟೆ ಸರಿ ಇದೆ. ಕೊರಗ್ತಾ ಇದೆ ಅಷ್ಟೆ. ಆದ್ರೆ ಕೊರಗಿಂದಲೂ ನಾಯಿ ಸಾಯುತ್ತೆ ರೀ. ಈ ವಾರದಲ್ಲಿ ತಾನಾಗೇ ತಿನ್ಬೇಕು. ಇಲ್ದಿದ್ರೆ ಕಷ್ಟ' ಎಂದರು.

ಅಂದು ಸಂಜೆ ಮಸ್ಕತ್‌ನಿಂದ ಫೋನು.

'ರಾಣಿ ಹೇಗಿದಾಳೆ?'

'ನಾನು ಚೆನ್ನಾಗಿದೀನಿ' ಎಂದೆ.

'ಅದಲ್ಲ ಕಣೇ... ತಿಂದ್ಳಾ?'

'ಇಲ್ಲ.'

'ಮಾತಾಡ್ಸು ಅವಳನ್ನ. ಮಾತಾಡಿದ್ರೆ ತಿಂತಾಳೆ.'

'ಮಾತಾಡ್ತಾನೇ ಇದೀನಿ. ಗಂಟಲು ಕಟ್ಟಿದೆ.'

'ಫೋನ್ ಅವಳ ಕಿವಿ ಹತ್ರ ಹಿಡೀತೀಯಾ?' ಎಂದರು.

ಫೋನಿನ ತಂತಿ ಅಡುಗೆಮನೆಯ ಹಿಂಬಾಗಿಲವರೆಗೆ ಮಾತ್ರ ಬರುತ್ತಿತ್ತು. ರಾಣಿಯನ್ನು ಅಲ್ಲಿಗೆ ಕರೆತಂದು, ಹರಿದ ಕಿವಿಗೆ ರಿಸೀವರ್ ಹಿಡಿದೆ. ಅವರು ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ದನಿ ಮಾತ್ರ. ತಗ್ಗಿದ, ಆತುರವಿಲ್ಲದ ದನಿ. ಹಾಗೆ ಅವರು ಮಾತಾಡಬಲ್ಲರೆಂದೇ ನನಗೆ ಗೊತ್ತಿರಲಿಲ್ಲ. ನಾಯಿಯ ಬಾಲ ನೆಲಕ್ಕೆ ಬಡಿಯಿತು, ಇಡೀ ಮೈ ನಡುಗಿತು. ರಿಸೀವರ್ ಹಿಡಿದು ಬಗ್ಗಿ ನಿಂತ ನನಗೆ ಬೆನ್ನು ನೋಯುತ್ತಿತ್ತು. ಮೂರು ನಿಮಿಷ ಮುಗಿಯಿತೆಂದು ಲೈನಿನಲ್ಲಿ ಬಡಿಯುವ ಪೀಂ ಪೀಂ ಸದ್ದನ್ನು ನಾನು ಅವತ್ತು ಮೊದಲ ಸಲ ಪ್ರೀತಿಸಿದೆ.

'ಏನು ಹೇಳಿದ್ರಿ ಅದಕ್ಕೆ?' ಎಂದು ಕೇಳಿದೆ.

'ಏನಿಲ್ಲ, ಸುಮ್ನೆ' ಎಂದರು. ಲೈನು ಕಟ್ಟಾಯಿತು.

ರಾಣಿ ಫೋನಿನ ಹಿಂದೆ, ಬಾಗಿಲ ಹಿಂದೆ, ಅಕ್ಕಿ ಡಬ್ಬದ ಹಿಂದೆ ಹುಡುಕಿತು. ಆಮೇಲೆ ಸೌದೆಮನೆಗೆ ಹೋಗಿ, ಅಲ್ಲಿಯವರೆಗೆ ಇಲ್ಲದ ಒಂದು ಸಣ್ಣ ಕೂಗು ಶುರುಮಾಡಿತು. ಅತ್ತೆ ಒಳಗಿನಿಂದ, 'ನೀನು ಮದುವೆಯಾದ ಹೊಸದ್ರಲ್ಲಿ ಹಿಂಗೇ ಅಳ್ತಿದ್ದೆ' ಎಂದರು.

ರಿಚರ್ಡ್ಸ್ ಟೌನಿನಲ್ಲಿ ನಾಯಿ ಸಾಕುವ ಆಂಗ್ಲೋ-ಇಂಡಿಯನ್ ಆಂಟಿಯೊಬ್ಬರಿದ್ದರು, ನನ್ನ ಶಾಲೆಯ ಗೆಳತಿಯ ತಾಯಿ. ಸುದ್ದಿ ಕೇಳಿ ತಮ್ಮ ಹಳೆಯ ಫಿಯೆಟ್‌ನಲ್ಲಿ ಬಂದರು. ಸೌದೆಮನೆಯ ಬಾಗಿಲಲ್ಲಿ ನಿಂತು ನಾಯಿಯನ್ನೂ ನೋಡಿದರು, ನನ್ನನ್ನೂ ನೋಡಿದರು.

'ಲುಕ್ ಮೈ ಗರ್ಲ್, ಇದು ನಿನ್ ಕೈಯಲ್ಲಿ ಸಾಯ್ತದೆ. ನನ್ಗೆ ಕೊಟ್ಟು ಬಿಡು. ನಮ್ದು ಮನೇಲಿ ಬೇರೆ ಕೆನಲ್ ಉಂಟು. ದೂರದಿಂದ ನಮ್ ನಾಯಿ ತಿನ್ನೋದು ನೋಡಿ ಇದು ಕೂಡ ತಿಂತದೆ. ನಿನ್ ಗಂಡ ಬಂದು ನೋಡ್ಲಿ, ಬೇಕಾದ್ರೆ ವಾರ ವಾರ ಬರ್ಲಿ. ಬಟ್ ಶೀ ಸ್ಟೇಸ್ ವಿತ್ ಮಿ. ನಾಯೀನ ಆ ಮನೆ ಈ ಮನೆ ಮಾಡಕ್ಕೆ ನಾನು ಬಿಡಲ್ಲ.'

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾಯಿ ಬದುಕುತ್ತದೆ. ನನ್ನ ಮನೆಯಲ್ಲಿ ಇರುವುದಿಲ್ಲ. ಎರಡೂ ನನಗೆ ಬೇಕಾದದ್ದೇ. ಭಾನುವಾರ ಚರ್ಚು ಮುಗಿಸಿ ಬಂದು ಒಯ್ಯುತ್ತೇನೆ ಎಂದರು. ಸರಿ ಎಂದೆ. ಅಂದು ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಈ ಸಂಗತಿಯನ್ನು ನನ್ನ ಗಂಡನಿಗೆ ತಿಳಿಸಬೇಕಲ್ಲ. ಪೀಂ ಪೀಂ ನಡುವೆ ಹೇಳುವ ಮಾತಲ್ಲ ಇದು. ಬಾಣಸವಾಡಿಯವರೊಬ್ಬರು ಭಾನುವಾರ ಮಸ್ಕತ್‌ಗೆ ಹೊರಟಿದ್ದರು. ಕ್ಯಾಸೆಟ್ ಕಳಿಸಿಬಿಡೋಣ ಎಂದುಕೊಂಡೆ.

ಶನಿವಾರ ಊಟವಾಗಿ ಅತ್ತೆ ಮಲಗಿದ ಮೇಲೆ ರೇಡಿಯೋ, ಟೇಪು ಎರಡೂ ಇದ್ದ ಟೂ-ಇನ್-ಒನ್ ಎತ್ತಿಕೊಂಡು ಹಿತ್ತಲಿಗೆ ಹೋದೆ. ಕ್ಯಾಸೆಟ್ ತುಂಬುವಾಗ ನಾನು ಯಾವತ್ತೂ ಕೂರುತ್ತಿದ್ದುದು ಅಲ್ಲೇ, ಒಗೆಯುವ ಕಲ್ಲಿನ ಮೇಲೆ. ಒಳಗೆ ಅತ್ತೆಯ ಗೊರಕೆ, ಬೀದಿಯ ಕಡೆ ಆಟೋಗಳು. ಅಲ್ಲಾದರೆ ಒಂದು ನಲ್ಲಿ ತೊಟ್ಟಿಕ್ಕುವ ಸದ್ದು, ಕಾಗೆ, ಅಷ್ಟೇ. ಕೆಂಪು ಗುಂಡಿ ಒತ್ತಿದೆ. ಕಷ್ಟದ ಮಾತಿಗೆ ನೇರವಾಗಿ ಹೋಗಲಾಗದೆ, ಯಾವಾಗಲೂ ಶುರುಮಾಡುವ ಹಾಗೇ ಶುರುಮಾಡಿದೆ.

'ರೀ, ನಾನು. ಇಲ್ಲಿ ಎಲ್ಲ ಚೆನ್ನಾಗಿದೆ. ಅತ್ತೆ ಮಲಗಿದಾರೆ. ಇವತ್ತು ದಂಟಿನ ಸೊಪ್ಪು ಚೆನ್ನಾಗಿತ್ತು, ಮಸ್ಸೊಪ್ಪು ಮಾಡ್ದೆ...'

ಸೌದೆಮನೆಯಲ್ಲಿ ಉಗುರಿನ ಸದ್ದಾಯಿತು. ನೋಡಿದರೆ ರಾಣಿ ಬಾಗಿಲಲ್ಲಿ ನಿಂತಿತ್ತು. ಒಳ್ಳೆಯ ಕಿವಿ ನೆಟ್ಟಗಾಗಿತ್ತು, ಹರಿದದ್ದೂ ನೆಟ್ಟಗಾಗಲು ನೋಡುತ್ತಿತ್ತು. ನಾನು ಮಾತು ನಿಲ್ಲಿಸಿದೆ. ಅದು ತಲೆ ವಾರೆ ಮಾಡಿತು.

'...ಮಸ್ಸೊಪ್ಪು ಮಾಡ್ದೆ. ನೀರು ಬೆಳಿಗ್ಗೆ ಬರ್ಲೇ ಇಲ್ಲ...' ಎಂದೆ, ಅದನ್ನೇ ನೋಡುತ್ತ.

ಅದು ನಡೆದು ಬಂತು. ನನ್ನ ಹತ್ತಿರಕ್ಕಲ್ಲ, ಟೂ-ಇನ್-ಒನ್ ಹತ್ತಿರಕ್ಕೆ. ಅದರ ಸ್ಪೀಕರಿನ ಜಾಲರಿಯನ್ನು ಮೂಸಿತು. ಒಂದು ಸುತ್ತು ತಿರುಗಿ, ಜಾಲರಿಗೆ ಎದುರಾಗಿ, ಗದ್ದವನ್ನು ಮುಂಗಾಲುಗಳ ಮೇಲಿಟ್ಟು ಮಲಗಿತು, ಬಹಳ ಸಲ ಮಲಗಿ ರೂಢಿಯಾದವರಂತೆ. ನಾನು ಗುಂಡಿ ಒತ್ತಿ ನಿಲ್ಲಿಸಿದೆ. 'ಟಕ್' ಎಂದ ಕೂಡಲೇ ತಲೆಯೆತ್ತಿ ನಿಟ್ಟುಸಿರು ಬಿಟ್ಟಿತು, ಮುಗಿಯಿತಾ ಎನ್ನುವ ಹಾಗೆ.

ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದೆ. 'ರೀ, ನಾನು' ಎಂದಿತು ನನ್ನ ದನಿ. ಕಾಗೆ ಕೂಗಿತು. ನಲ್ಲಿ ತೊಟ್ಟಿಕ್ಕಿತು. ರಾಣಿ ಮತ್ತೆ ಗದ್ದ ಇಳಿಸಿತು.

ಆ ಕೋಣೆಯಲ್ಲಿ ಅವರು ನನ್ನ ಕ್ಯಾಸೆಟ್‌ಗಳನ್ನು ಹಾಕುತ್ತಿದ್ದರು. ಒಂದು ಸಲ ಹಾಕಿ ಎತ್ತಿಟ್ಟಿದ್ದರೆ ನಾಯಿಗೆ ಇದು ಬರುವುದಿಲ್ಲ. ಎಷ್ಟು ಸಲ ಹಾಕಿರಬೇಕು! ಪತ್ರದಲ್ಲಿ 'ಕ್ಯಾಸೆಟ್ ತಲುಪಿತು' ಎಂಬ ಎರಡು ಪದ ಬಿಟ್ಟು ಬೇರೇನೂ ಬರೆದವರಲ್ಲ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ ಹೊಸದೊಂದು ಹೊಟ್ಟೆಕಿಚ್ಚು ಹತ್ತಿಕೊಂಡಿತು. ಆ ಕೋಣೆಯಲ್ಲಿ ಅವರಿದ್ದರು, ನಾಯಿಯಿತ್ತು, ನನ್ನ ದನಿಯೂ ಇತ್ತು. ನಾನೊಬ್ಬಳೇ ಇರಲಿಲ್ಲ.

ಒಳಗೆ ಹೋಗಿ ನನ್ನ ಪಾಲಿಗೆ ಉಳಿದಿದ್ದ ಅರ್ಧ ಮುದ್ದೆ, ಮಸ್ಸೊಪ್ಪು ತಟ್ಟೆಗೆ ಹಾಕಿಕೊಂಡು ಬಂದೆ. ಕಲ್ಲಿನ ಮೇಲೆ ಕೂತು, ಗುಂಡಿ ಒತ್ತದೆ, ಮುದ್ದೆ ಮುರಿಯುತ್ತ ಮಾತು ಮುಂದುವರಿಸಿದೆ. ರಾಣಿ ಜಾಲರಿಯನ್ನು ನೋಡಿತು, ನನ್ನ ಬಾಯನ್ನು ನೋಡಿತು, ಮತ್ತೆ ಜಾಲರಿ. ಅದಕ್ಕೆ ಲೆಕ್ಕ ತಾಳೆಯಾಗಲಿಲ್ಲ. ಕೊನೆಗೆ ಎದ್ದು ಬಂದು ನನ್ನ ಗಂಟಲಿನ ಹತ್ತಿರ ಮೂಗಿಟ್ಟು ಬಹಳ ಹೊತ್ತು ಮೂಸಿತು. ನಾನು ಅಲುಗಾಡಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. ಕೆರೆ ಕಡೆಯ ರಸ್ತೆ ಅಗೆದಿದ್ದು, ಮಂಗಳವಾರ ಮಾರುಕಟ್ಟೆಯಲ್ಲಿ ಚಪ್ಪಲಿ ಕಿತ್ತುಹೋಗಿದ್ದು. ನನ್ನ ಬೆರಳುಗಳ ನಡುವಿನಿಂದ ಮುದ್ದೆ ತೆಗೆದುಕೊಂಡಿತು. ನುಂಗಿತು. ಇನ್ನೊಂದು ತುಂಡಿಗೆ ಬಾಯಿ ಚಾಚಿತು.

ಭಾನುವಾರ ಆಂಟಿ ಚರ್ಚಿನ ಉಡುಪಿನಲ್ಲೇ ಬಂದರು, ಕೈಯಲ್ಲಿ ಹೊಸ ಚರ್ಮದ ಪಟ್ಟಿ. ಗೇಟಿನ ಬಳಿ ನಿಂತು ನಾನು, 'ಸಾರಿ ಆಂಟಿ, ಕೊಡೋದಿಲ್ಲ' ಎಂದೆ.

'ತಿಂತಾ?'

'ತಿಂತು.'

'ಹೌ?'

'ಕನ್ನಡದಲ್ಲಿ ಮಾತಾಡಿಸ್ದೆ.'

ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ನಾಯಿಗೆ ಯಾರಾದ್ರೂ ಕನ್ನಡ ಮಾತಾಡ್ತಾರಾ, ಚೈಲ್ಡ್!' ಎಂದರು. ಪಟ್ಟಿಯನ್ನು ಮಾತ್ರ ನನ್ನ ಕೈಗೆ ಕೊಟ್ಟೇ ಹೋದರು.

ಅಲ್ಲಿಂದ ದಿನಾ ಮಧ್ಯಾಹ್ನ ಅದೇ ಕೆಲಸ. ಮಾತು ನಿಂತರೆ ತಿನ್ನುವುದೂ ನಿಲ್ಲುತ್ತಿತ್ತು. ಒಂದು ದಿನ ಹೇಳಲು ಏನೂ ಇಲ್ಲದೆ ಶಾಲೆಯ ಇಂಗ್ಲಿಷ್ ಪದ್ಯ ಹೇಳಿದೆ, ಎದ್ದು ಹೋಯಿತು. ಕ್ಯಾಸೆಟ್ಟಿಗೆ ನಾನು ಸೊಪ್ಪಿನ ಸುದ್ದಿ, ನೀರಿನ ಸುದ್ದಿ ಬಿಟ್ಟು ಬೇರೇನೂ ಹೇಳಿದವಳಲ್ಲ. ಆ ಕೋಣೆಯಲ್ಲಿ ಇನ್ನೂ ಮೂವರು ಗಂಡಸರಿದ್ದರು, ಕೇಳಿಸಿಕೊಂಡಾರು ಎಂಬ ಸಂಕೋಚ. ಈ ನಾಯಿಗೆ ಆ ತೊಂದರೆ ಇರಲಿಲ್ಲ. ಹಾಗಾಗಿ ಅದಕ್ಕೆ ಎಲ್ಲ ಹೇಳಿದೆ. ಹಬ್ಬದ ದಿನ ಜೋಡಿಯಾಗಿ ಬರುವ ನೆಂಟರ ಮುಂದೆ ಒಬ್ಬಳೇ ಕಾಫಿ ಹಿಡಿದು ನಿಲ್ಲುವುದು ಹೇಗಿರುತ್ತದೆ ಎಂದು ಹೇಳಿದೆ. ಅದರ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನೂ ಅದಕ್ಕೇ ಹೇಳಿದೆ. ಕೇಳುತ್ತ ಮೊಸರನ್ನ ತಿಂದಿತು. ತಿಂಗಳು ಕಳೆದು, ಡಾಕ್ಟರು ನೋಡಿ ಹೊರಗೆ ಬಿಡಬಹುದೆಂದ ದಿನ, ಸೌದೆಮನೆಯ ಬೆಡ್‌ಶೀಟು ತೆಗೆದು ನನ್ನದೊಂದು ಹಳೆಯ ವಾಯಿಲ್ ಸೀರೆ ಹಾಸಿದೆ. ಫೋನಿನಲ್ಲಿ ಅವರು ಕೇಳಿದರೆ 'ತಿಂತಿದೆ' ಎಂದಷ್ಟೇ ಹೇಳುತ್ತಿದ್ದೆ. ಹೇಗೆಂದು ಹೇಳಲಿಲ್ಲ, ಆ ಶನಿವಾರದ ಕ್ಯಾಸೆಟ್ಟನ್ನೂ ಕಳಿಸಿರಲಿಲ್ಲ. ಅವರೂ ನನ್ನ ಹಳೆಯ ಕ್ಯಾಸೆಟ್ಟುಗಳ ಮಾತು ಎತ್ತಲಿಲ್ಲ.

ಅವರು ಬಂದರು. ಟ್ಯಾಕ್ಸಿ ಇನ್ನೂ ಬೀದಿಯ ಮೂಲೆಯಲ್ಲಿರುವಾಗಲೇ ರಾಣಿ ಗೇಟಿಗೆ ಹಾರಿತು. ಆಮೇಲಿನದನ್ನು ವಿವರಿಸುವುದು ನನಗೆ ಈಗಲೂ ಕಷ್ಟ. ಅವರು ಸೂಟ್‌ಕೇಸನ್ನು ಬೀದಿಯಲ್ಲೇ ಬಿಟ್ಟು ಹೊಸ್ತಿಲ ಮೇಲೆ ಕುಕ್ಕರಿಸಿದರು. ನಾಯಿ ಅವರ ಮುಖ, ಕಿವಿ, ಕನ್ನಡಕ ಎಲ್ಲವನ್ನೂ ನೆಕ್ಕಿತು. ಇಬ್ಬರೂ ಒಂದೇ ಥರ ಸದ್ದು ಮಾಡುತ್ತಿದ್ದರು. ನಾನು ಕಾಫಿ ಹಿಡಿದು ನಿಂತಿದ್ದೆ. ಕೆನೆ ಕಟ್ಟಿತು. ಅತ್ತೆ, 'ನಿಮ್ಮಿಬ್ಬರದ್ದು ಮುಗಿದ್ರೆ ಇವಳ ಕಡೇನೂ ನೋಡಪ್ಪಾ, ಎರಡು ತಿಂಗಳಿಂದ ಅದರ ಬಾಣಂತನ ಮಾಡವ್ಳೆ' ಎಂದರು. ಅವರು ನೋಡಿದರು. 'ಇಳಿದ್ಹೋಗಿದೀಯಲ್ಲೇ' ಎಂದರು. ಅಷ್ಟೇ.

ಊಟವಾಯಿತು. ಅವರು ಮಂಚದ ಮೇಲೆ, ರಾಣಿ ಅದರ ಕೆಳಗೆ. ಅತ್ತೆಯ ಗೊರಕೆ ಶುರುವಾಯಿತು. ನಾನು ಪಾತ್ರೆ ತೊಳೆದು, ಹೋಗಬೇಕೆಂದೇನೂ ಅಂದುಕೊಳ್ಳದೆ, ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಉಗುರಿನ ಸದ್ದು. ರಾಣಿ ಬಂದು ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ನಾನು ಮೆಲ್ಲನೆ ದಿನದ ಸುದ್ದಿ ಶುರುಮಾಡಿದೆ. ಅಂದು ಹೇಳುವುದು ಬೇಕಾದಷ್ಟಿತ್ತು.

'ರಾಣೀ, ಬಾ ಇಲ್ಲಿ.'

ಅವರು ಹಿಂಬಾಗಿಲಲ್ಲಿ ನಿಂತಿದ್ದರು, ನಿದ್ದೆಗಣ್ಣು, ಅದೇ ಲುಂಗಿ. ರಾಣಿ ಹರಿದ ಕಿವಿಯನ್ನು ಅತ್ತ ತಿರುಗಿಸಿತು. ಏಳಲಿಲ್ಲ.

'ರಾಣೀ!' ಎಂದರು ಮತ್ತೆ. ಬಾಲ ಒಂದು ಸಲ ಆಡಿತು. ಅಷ್ಟೇ.

'ಏನೇ ಇದು, ನನ್ನ ನಾಯಿಗೆ ಏನು ಮಾಡಿಟ್ಟಿದೀಯ? ಏನು ಹೇಳ್ತಾ ಇದ್ದೆ ಅದಕ್ಕೆ?'

ಆಗ ಅವರ ಮುಖ ನೋಡಿದೆ. ನನಗೆ ಚೆನ್ನಾಗಿ ಪರಿಚಯವಿದ್ದ ಮುಖ ಅದು. ಎರಡು ತಿಂಗಳಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ.

'ಏನಿಲ್ಲ, ಸುಮ್ನೆ' ಎಂದೆ.

ಮಾತು ಮುಂದುವರಿಸಿದೆ, ದನಿಯನ್ನು ಇನ್ನಷ್ಟು ತಗ್ಗಿಸಿ. ಬಾಗಿಲಲ್ಲಿ ನಿಂತವರಿಗೆ ಕೇಳಿಸುವಂತಿರಲಿಲ್ಲ. ಕೇಳಬೇಕಿದ್ದರೆ ಹತ್ತಿರ ಬಂದು ಕೂರಬೇಕಿತ್ತು.

ಬಂದು ಕೂತರು.